28 ಇಂಚಿನ ರಾಡ್ ಬ್ರೇಕ್ ಸೈಕಲ್ಲಿಗೆ ಪೆಟ್ರೋಲ್ ಇಂಜಿನ್ ಕಿಟ್ ಹಾಕಿಸಬೇಡಿ

ಆನ್‌ಲೈನಿನಲ್ಲಿ "80 ಸಿಸಿ ಇಂಜಿನ್ ಕಿಟ್, ಯಾವ ಸೈಕಲ್ಲಿಗಾದರೂ ಕೂರುತ್ತೆ" ಅಂತ ಮಾರುತ್ತಾರಲ್ಲ, ಅದನ್ನು ನಮ್ಮ ಕಡೆ ಹಾಲು, ಹುಲ್ಲು ಹೇರುವ ದೊಡ್ಡ ಸೈಕಲ್ಲಿಗೆ ದಯವಿಟ್ಟು ಹಾಕಿಸಬೇಡಿ. ನಮ್ಮ ಚಿಕ್ಕಪ್ಪ ಹಾಕಿಸಿಕೊಂಡು ಎಡಗೈ ಮಣಿಕಟ್ಟು ಮುರಿದುಕೊಂಡಿದ್ದಾರೆ. ತಲೆಗೆ ಪೆಟ್ಟಾಗಲಿಲ್ಲ, ಹಿಂದೆ ಲಾರಿ ಬರುತ್ತಿರಲಿಲ್ಲ, ಅದೇ ಪುಣ್ಯ.

ಚಿಕ್ಕಪ್ಪ ಬೆಳಿಗ್ಗೆ ಸಂಜೆ ಡೇರಿಗೆ ಹಾಲು ಹಾಕುವವರು. ದಾರಿಯಲ್ಲಿ ಒಂದು ಉದ್ದದ ದಿಣ್ಣೆ. ಮಂಡಿನೋವು ಬಂದಮೇಲೆ ಅದನ್ನು ತುಳಿದು ಹತ್ತುವುದು ಕಷ್ಟವಾಯಿತು. ಬೈಕಿಗೆ ದುಡ್ಡಿಲ್ಲ, ಲೈಸೆನ್ಸೂ ಇಲ್ಲ. ಕಿಟ್ ತರಿಸಿ ಪೇಟೆಯ ಬೈಕ್ ಗ್ಯಾರೇಜಿನಲ್ಲಿ ಕೂರಿಸಿದರು. ಸಪಾಟಾದ ರಸ್ತೆಯಲ್ಲಿ ಚೆನ್ನಾಗಿಯೇ ಓಡಿತು. ಯಾವ ದಿಣ್ಣೆಗಾಗಿ ತಂದಿದ್ದರೋ ಅದೇ ದಿಣ್ಣೆಯಲ್ಲಿ ಕ್ಯಾನುಗಳಿದ್ದಾಗ ಉಸಿರುಗಟ್ಟಿ ನಿಂತುಬಿಡುತ್ತಿತ್ತು.

ಮಾರಿದವನಿಗೆ ಫೋನ್ ಮಾಡಿದರೆ, "ಹಿಂದಿನ ಚಕ್ರದ 44 ಹಲ್ಲಿನ ಸ್ಪ್ರಾಕೆಟ್ ತೆಗೆದು 36 ಹಲ್ಲಿಂದು ಹಾಕಿ ಸಾರ್, ಪವರ್ ಬರುತ್ತೆ" ಅಂದ. ಸ್ಪ್ರಾಕೆಟ್ ಅಂದರೆ ಚೈನು ಕೂರುವ ಹಲ್ಲಿನ ಬಿಲ್ಲೆ. ಇದು ಶುದ್ಧ ಸುಳ್ಳು. ಈ ಕಿಟ್ಟಿಗೆ ಬೈಕಿನ ಹಾಗೆ ಬದಲಾಯಿಸುವ ಗೇರ್ ಇಲ್ಲ, ಇರುವುದು ಒಂದೇ ಅನುಪಾತ. ಇಂಜಿನ್ನಿನ ಒಳಗೆ 20 ಹಲ್ಲಿನ ಗೇರು 82 ಹಲ್ಲಿನದನ್ನು ತಿರುಗಿಸುತ್ತೆ, ಅಂದರೆ 4.1 ಪಟ್ಟು. ಹೊರಗಡೆ 10 ಹಲ್ಲಿನ ಸ್ಪ್ರಾಕೆಟ್‌ನಿಂದ 44ಕ್ಕೆ ಚೈನು, 4.4 ಪಟ್ಟು. ಗುಣಿಸಿದರೆ ಇಂಜಿನ್ ಸುಮಾರು 18 ಸುತ್ತು ಸುತ್ತಿದಾಗ ಚಕ್ರ ಒಂದು ಸುತ್ತು. ಈ ಲೆಕ್ಕ ಹೆಚ್ಚಿದಷ್ಟೂ ಎಳೆತ ಹೆಚ್ಚು, ವೇಗ ಕಡಿಮೆ. 36 ಹಾಕಿದರೆ ಅದು 15ಕ್ಕೂ ಕೆಳಗಿಳಿಯುತ್ತೆ. ಸಪಾಟಿನಲ್ಲಿ ವೇಗ ಹೆಚ್ಚುತ್ತೆ, ಆದರೆ ಎಳೆಯುವ ಶಕ್ತಿ ನೂರಕ್ಕೆ ಹದಿನೆಂಟರಷ್ಟು ಕಡಿಮೆಯಾಗುತ್ತೆ. ಅದೂ ಅಲ್ಲದೆ ಕಿಟ್ಟಿನ ಲೆಕ್ಕವೆಲ್ಲ 26 ಇಂಚಿನ ಚಕ್ರಕ್ಕೆ ಹಾಕಿದ್ದು. 28 ಇಂಚಿನ ಚಕ್ರ ದೊಡ್ಡದಾದ್ದರಿಂದ ಅಲ್ಲೇ ಇನ್ನೂ ನೂರಕ್ಕೆ ಏಳರಷ್ಟು ಎಳೆತ ಹೋಗಿರುತ್ತೆ. ದಿಣ್ಣೆ ಹತ್ತಬೇಕಾದವರಿಗೆ ಬೇಕಿದ್ದದ್ದು 48 ಅಥವಾ 50 ಹಲ್ಲು. ಮಾರುವವನಿಗೆ ಇಷ್ಟೂ ಗೊತ್ತಿಲ್ಲವೆಂದರೆ ಅವನ ಬೇರೆ ಮಾತನ್ನು ಹೇಗೆ ನಂಬುವುದು?

ಆದರೆ ಕೈ ಮುರಿದದ್ದು ಗೇರಿನಿಂದಲ್ಲ, ಕೂರಿಸಿದ ರೀತಿಯಿಂದ. ಬಿದ್ದಮೇಲೆ ಸೈಕಲ್ಲನ್ನು ನಮ್ಮೂರಿನ ಹಳೇ ಸೈಕಲ್ ಶಾಪಿನವರ ಹತ್ತಿರ ಒಯ್ದೆ. ಅವರು ಹಿಂದಿನ ಚಕ್ರ ಬಿಚ್ಚಿ ಮೊದಲು ಕಡ್ಡಿ ಎಣಿಸಿದರು. ನಮ್ಮ ದೊಡ್ಡ ಸೈಕಲ್ಲಿನ ಹಿಂದಿನ ಚಕ್ರಕ್ಕೆ 40 ಕಡ್ಡಿ, ಮುಂದಿನದಕ್ಕೆ 32. ಕಿಟ್ಟಿನ ಸ್ಪ್ರಾಕೆಟ್ ಚಕ್ರದ ನಡುವಿನ ಹಬ್ಬಿಗೆ ಕೂರುವುದಿಲ್ಲ; ಕಡ್ಡಿಗಳ ಆಚೆ ಈಚೆ ರಬ್ಬರ್ ಬಿಲ್ಲೆ ಇಟ್ಟು, ಕಡ್ಡಿಗಳ ನಡುವೆಯೇ 9 ಬೋಲ್ಟ್ ತೂರಿಸಿ ಬಿಗಿಯುತ್ತಾರೆ. 36 ಕಡ್ಡಿಯ ಚಕ್ರವಾದರೆ ನಾಲ್ಕು ನಾಲ್ಕು ಕಡ್ಡಿಗೊಂದು ಬೋಲ್ಟ್, ಸರಿಯಾಗಿ ಹಂಚಿಹೋಗುತ್ತೆ. 40ನ್ನು 9ರಿಂದ ಭಾಗಿಸಿ ನೋಡಿ! ಕೆಲವು ಬೋಲ್ಟುಗಳು ಕಡ್ಡಿಯ ಮೇಲೆಯೇ ಬಂದಿದ್ದವು. ಗ್ಯಾರೇಜಿನವನು ಕಡ್ಡಿಯನ್ನು ಪಕ್ಕಕ್ಕೆ ಬಾಗಿಸಿ ತೂರಿಸಿಬಿಟ್ಟಿದ್ದ. ಅದರಿಂದ ಸ್ಪ್ರಾಕೆಟ್ ನಡುಮಧ್ಯಕ್ಕೆ ಕೂತಿರಲೇ ಇಲ್ಲ. ಚಕ್ರ ತಿರುಗಿಸಿದರೆ ಚೈನು ಒಮ್ಮೆ ಬಿಗಿ, ಒಮ್ಮೆ ಸಡಿಲ. ಬಾಗಿದ ಕಡ್ಡಿಗಳಲ್ಲಿ ಎರಡು ಹಬ್ಬಿನ ಹತ್ತಿರ ಆಗಲೇ ತುಂಡಾಗಿದ್ದವು.

ಸಡಿಲವಾದ ಚೈನನ್ನು ಎಳೆದು ಹಿಡಿಯಲು ಕಿಟ್ಟಿನಲ್ಲಿ ಒಂದು ಟೆನ್ಷನರ್ ಬರುತ್ತೆ. ಎಡಗಡೆ ಹಿಂದಿನ ಕೆಳ ಪೈಪಿಗೆ ಎರಡು ಬೋಲ್ಟಿನಲ್ಲಿ ಕಚ್ಚಿಸುವ ತಗಡಿನ ಕೈ, ಅದರ ತುದಿಯಲ್ಲೊಂದು ಉರುಳೆ. ನನ್ನ ಮಟ್ಟಿಗೆ ಇಡೀ ಕಿಟ್ಟಿನಲ್ಲಿ ಜೀವ ತೆಗೆಯುವ ಸಾಮಾನು ಇದೇ. ಚೈನು ಬಿಗಿಯಾದಾಗೆಲ್ಲ ಜಗ್ಗಿಸಿಕೊಂಡು, ಇಂಜಿನ್ ನಡುಕಕ್ಕೆ ಬೋಲ್ಟ್ ಸಡಿಲಾಗಿ, ಒಂದು ದಿನ ಅದು ಪೈಪಿನ ಸುತ್ತ ಒಳಕ್ಕೆ ಜಾರುತ್ತೆ. ಒಳಗೆ ಇರುವುದು ಕಡ್ಡಿಗಳು. ಚಿಕ್ಕಪ್ಪನಿಗೆ ಆದದ್ದು ಹೀಗೆಯೇ. ಹಾಲು ಹಾಕಿ ಖಾಲಿ ಕ್ಯಾನುಗಳೊಂದಿಗೆ ದಿಣ್ಣೆ ಇಳಿಯುತ್ತಿದ್ದಾಗ ಉರುಳೆ ಕಡ್ಡಿಗೆ ಸಿಕ್ಕಿ ಹಿಂದಿನ ಚಕ್ರ ಹಾಗೇ ಕಚ್ಚಿಕೊಂಡಿತು. ಬ್ರೇಕ್ ಹಿಡಿಯುವ ಮಾತೇ ಬರಲಿಲ್ಲ.

ಬ್ರೇಕಿನ ಕಥೆ ಬೇರೆ. ಹಿಂದಿನ ರಾಡ್ ಬ್ರೇಕಿನ ಎಡಗಡೆ ಕೈ ಚೈನಿಗೆ ತಾಗುತ್ತಿತ್ತಂತೆ. ಗ್ಯಾರೇಜಿನವನು ಹಿಂದಿನ ಬ್ರೇಕನ್ನೇ ಬಿಚ್ಚಿ ಕೈಗೆ ಕೊಟ್ಟಿದ್ದ! ಗಂಟೆಗೆ 35 ಕಿ.ಮೀ. ಓಡುವ ಗಾಡಿಗೆ ಮುಂದಿನ ಒಂದೇ ರಾಡ್ ಬ್ರೇಕು; ಅದೂ ಸ್ಟೀಲ್ ರಿಮ್ಮು ಒದ್ದೆಯಾದರೆ ಹಿಡಿಯುವುದೇ ಕಷ್ಟ. ಇಂಜಿನ್ ಕ್ಲಾಂಪು ನಮ್ಮ ಪೈಪಿಗೆ ದೊಡ್ಡದಾಗಿ, ಸಂದಿಗೆ ಟ್ಯೂಬಿನ ರಬ್ಬರ್ ಸುತ್ತಿದ್ದ. ಅಲುಗಾಡಿ ಅಲುಗಾಡಿ ಇಂಜಿನ್ ಹಿಡಿದಿಡುವ ಒಂದು ಸ್ಟಡ್ (ತಲೆಯಿಲ್ಲದ ಬೋಲ್ಟ್) ತುಂಡಾಗಿತ್ತು.

ಕಾನೂನಿನ ವಿಷಯವನ್ನೂ ಕೇಳಿ. "ಸೈಕಲ್ ತಾನೆ, ಆರ್‌ಟಿಒ ಕೇಳಲ್ಲ" ಅನ್ನುತ್ತಾರೆ. 1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ ಮೋಟಾರು ವಾಹನದ ಲೆಕ್ಕದಿಂದ ಬಿಟ್ಟಿರುವುದು ನಾಲ್ಕಕ್ಕಿಂತ ಕಡಿಮೆ ಚಕ್ರದ, 25 ಸಿಸಿ ಮೀರದ ಇಂಜಿನ್ನಿನ ಗಾಡಿಗಳನ್ನು ಮಾತ್ರ. ಈ ಕಿಟ್ಟಿನದು 47 ಮಿ.ಮೀ. ಬೋರ್ (ಸಿಲಿಂಡರಿನ ಒಳ ಅಗಲ), 38 ಮಿ.ಮೀ. ಸ್ಟ್ರೋಕ್ (ಪಿಸ್ಟನ್ ಓಡಾಡುವ ದೂರ), ಲೆಕ್ಕ ಹಾಕಿದರೆ 66 ಸಿಸಿ. 80 ಅನ್ನುವುದೇ ಸುಳ್ಳು, ಆದರೆ 66 ಕೂಡ ಮಿತಿ ಮೀರಿದ್ದೇ. ಅಂದರೆ ನೋಂದಣಿ, ವಿಮೆ, ಲೈಸೆನ್ಸ್ ಎಲ್ಲ ಬೇಕು. ವಿಮೆ ಇಲ್ಲದೆ ಯಾರಿಗಾದರೂ ಗುದ್ದಿದರೆ ಪರಿಹಾರ ಹೊಲ ಮಾರಿ ಕಟ್ಟಬೇಕಾದೀತು. ಮಾರಿದವನು ಈಗ ಫೋನ್ ಎತ್ತುವುದಿಲ್ಲ. ಬಿಲ್ಲಿನಲ್ಲಿರುವ ವಿಳಾಸಕ್ಕೆ ಬರೆದ ಪತ್ರ ವಾಪಸ್ ಬಂದಿದೆ.

ಈಗಾಗಲೇ ಹಾಕಿಸಿಕೊಂಡವರು ಇದ್ದರೆ ನಾಳೆ ಬೆಳಿಗ್ಗೆ ಗಾಡಿ ಹತ್ತಬೇಡಿ. ಹಿಂದಿನ ಚಕ್ರದ ಕಡ್ಡಿ ಎಣಿಸಿ. ಚಕ್ರ ಎತ್ತಿ ನಿಧಾನಕ್ಕೆ ತಿರುಗಿಸಿ ಸ್ಪ್ರಾಕೆಟ್ ಓಲಾಡುತ್ತದೆಯೇ ನೋಡಿ. ಟೆನ್ಷನರನ್ನು ಕೈಯಿಂದ ಒಳಕ್ಕೆ ಒತ್ತಿ ನೋಡಿ. ಕೂದಲೆಳೆಯಷ್ಟು ಅಲುಗಿದರೂ ಅವತ್ತೇ ಇಂಜಿನ್ನಿನ ಚೈನು ಕಳಚಿಟ್ಟು, ಮೊದಲಿನ ಹಾಗೆ ತುಳಿದುಕೊಂಡು ಹೋಗಿ.