ಜಾಯ್-ಕಾನ್‌ಗೆ ಹಾಲ್ ಸ್ಟಿಕ್: ಎರಡು ವರ್ಷ ದಾಟಿದ ಮೇಲಿನ ವಿಮರ್ಶೆ

ಕೈ ತೆಗೆದರೂ ಪಾತ್ರ ಎಡಕ್ಕೆ ನಡೆಯುತ್ತಲೇ ಇರುತ್ತದೆ, ಮೆನುವಿನಲ್ಲಿ ಆಯ್ಕೆ ತಾನಾಗಿಯೇ ಕೆಳಗೆ ಜಾರುತ್ತದೆ. ನಿಂಟೆಂಡೊ ಸ್ವಿಚ್ ಎಂಬ ಆಟದ ಯಂತ್ರ ಇಟ್ಟುಕೊಂಡವರಿಗೆ, ಅದರ ಎರಡು ಬದಿಗೆ ಸಿಕ್ಕಿಸುವ ಜಾಯ್-ಕಾನ್ ಕಂಟ್ರೋಲರುಗಳ ಸ್ಟಿಕ್ಕಿಗೆ ತಗಲುವ ಈ ಡ್ರಿಫ್ಟ್ ಕಾಯಿಲೆ ಹೊಸದಲ್ಲ. ಸ್ವಿಚ್ ಮಾರುಕಟ್ಟೆಗೆ ಬಂದದ್ದು 2017ರ ಮಾರ್ಚ್‌ನಲ್ಲಿ. 2019ರ ಹೊತ್ತಿಗೆ ಅಮೆರಿಕದಲ್ಲಿ ಇದೇ ದೋಷಕ್ಕಾಗಿ ಮೊಕದ್ದಮೆ ಹೂಡಲಾಗಿತ್ತು. ಅಲ್ಲಿಯವರಿಗೆ ಉಚಿತ ರಿಪೇರಿಯ ದಾರಿ ತೆರೆಯಿತು. ಭಾರತದಲ್ಲಿ ಸ್ವಿಚ್ ಅಧಿಕೃತವಾಗಿ ಮಾರಾಟವೇ ಆಗಲಿಲ್ಲ. ನಮ್ಮ ಕೈಗೆ ಬಂದವೆಲ್ಲ ಆಮದು ಮಾಲು ಅಥವಾ ವಿದೇಶದಿಂದ ಬಂದವರು ತಂದುಕೊಟ್ಟವು, ಹಾಗಾಗಿ ವಾರಂಟಿಯ ಮಾತೇ ಇಲ್ಲ. ಸ್ಕ್ರೂಡ್ರೈವರ್ ಹಿಡಿಯದೆ ಗತ್ಯಂತರವಿಲ್ಲ.

ಇಲ್ಲಿ ಹೇಳುತ್ತಿರುವುದು ಗುಲಿಕಿಟ್ ಕಂಪನಿಯ ಹಾಲ್ ಸೆನ್ಸರ್ ಸ್ಟಿಕ್ ಬಗ್ಗೆ. ಮೂರು ಜೊತೆ ಜಾಯ್-ಕಾನ್‌ಗಳಲ್ಲಿ, ಎರಡು ವರ್ಷಕ್ಕೂ ಹೆಚ್ಚು ಕಾಲ ಬಳಸಿದ ಮೇಲೆ ಬರೆದದ್ದು. ಹೊಸ ಜಾಯ್-ಕಾನ್ ಜೊತೆ ಮಾರುಕಟ್ಟೆಗೆ ಬಂದಾಗ ಅದರ ಅಮೆರಿಕದ ಬೆಲೆ 80 ಡಾಲರ್ ಇತ್ತು. ಒಂದು ಜೊತೆ ಹಾಲ್ ಸ್ಟಿಕ್ಕಿಗೆ ತಗಲುವುದು ಅದರ ಸಣ್ಣ ಪಾಲು.

ಮೂಲ ಸ್ಟಿಕ್ ಯಾಕೆ ಕೆಡುತ್ತದೆ ಎಂಬುದು ಗೊತ್ತಿದ್ದರೆ ಇದರ ಬೆಲೆ ಅರ್ಥವಾಗುತ್ತದೆ. ಅದರ ಒಳಗೆ ಕಪ್ಪು ಕಾರ್ಬನ್ ಪಟ್ಟಿಗಳಿವೆ, ಅವುಗಳ ಮೇಲೆ ಲೋಹದ ಸಣ್ಣ ನಾಲಿಗೆಗಳು ಉಜ್ಜಿಕೊಂಡು ಓಡಾಡುತ್ತವೆ. ನಾಲಿಗೆ ಪಟ್ಟಿಯ ಯಾವ ಜಾಗದಲ್ಲಿದೆ ಎಂಬುದರ ಮೇಲೆ ವೋಲ್ಟೇಜ್ ಬದಲಾಗುತ್ತದೆ, ಅದನ್ನೇ ಯಂತ್ರ ದಿಕ್ಕು ಎಂದು ಓದುತ್ತದೆ. ಉಜ್ಜಿ ಉಜ್ಜಿ ಕಾರ್ಬನ್ ಸವೆದು ಪುಡಿಯಾಗುತ್ತದೆ, ಆ ಪುಡಿ ಅಲ್ಲೇ ಕೂರುತ್ತದೆ, ನಾಲಿಗೆಯ ಒತ್ತಡವೂ ತಗ್ಗುತ್ತದೆ. ಸ್ಟಿಕ್ ನಡುವಿನಲ್ಲಿದ್ದರೂ ಓದು ಮಾತ್ರ ನಡುವಿನದಲ್ಲ. ಸ್ಟಿಕ್ಕಿನ ಬುಡದ ರಬ್ಬರ್ ಎತ್ತಿ ಐಸೊಪ್ರೊಪೈಲ್ ಆಲ್ಕೊಹಾಲ್ ಅಥವಾ ಕಾಂಟ್ಯಾಕ್ಟ್ ಕ್ಲೀನರ್ ಬಿಟ್ಟರೆ ಪುಡಿ ಸರಿದು ಕೆಲವು ದಿನ ಸರಿಹೋಗುತ್ತದೆ. ಸವೆದ ಪಟ್ಟಿ ಮರಳಿ ಬರುವುದಿಲ್ಲವಲ್ಲ! ಸ್ಟಿಕ್ಕಿನ ಹಿಂಬದಿಗೆ ದಪ್ಪ ಕಾಗದದ ತುಂಡು ಇಟ್ಟು ಒತ್ತುವ ಉಪಾಯ ಇದಕ್ಕಿಂತ ಮೇಲು, ಏಕೆಂದರೆ ಅದು ನಾಲಿಗೆಯ ಒತ್ತಡವನ್ನು ಹೆಚ್ಚಿಸುತ್ತದೆ. ಆದರೆ ಒತ್ತಡ ಹೆಚ್ಚಿದಷ್ಟೂ ಉಜ್ಜಾಟವೂ ಹೆಚ್ಚು. ಎರಡೂ ತಾತ್ಕಾಲಿಕ. ಅದೇ ಬಗೆಯ ಹೊಸ ಸ್ಟಿಕ್ ಹಾಕಿದರೂ ಗಡಿಯಾರ ಮತ್ತೆ ಸೊನ್ನೆಯಿಂದ ಓಡಲು ಶುರು, ಅಷ್ಟೆ.

ಹಾಲ್ ಸ್ಟಿಕ್ಕಿನಲ್ಲಿ ಉಜ್ಜುವ ಪಟ್ಟಿಯೇ ಇಲ್ಲ. ಸ್ಟಿಕ್ ಜೊತೆ ಸಣ್ಣ ಅಯಸ್ಕಾಂತ ಅಲುಗುತ್ತದೆ, ಮುಟ್ಟದೆಯೇ ಸೆನ್ಸರ್ ಅದನ್ನು ಓದುತ್ತದೆ. ತತ್ವ ಹಳೆಯದು, ಎಡ್ವಿನ್ ಹಾಲ್ 1879ರಲ್ಲಿ ಕಂಡುಕೊಂಡದ್ದು. ಸೆಗಾ ಕಂಪನಿ 1998ರ ಡ್ರೀಮ್‌ಕಾಸ್ಟ್ ಕಂಟ್ರೋಲರಿನಲ್ಲೇ ಇದನ್ನು ಬಳಸಿತ್ತು. ಕಾಲು ಶತಮಾನದ ಹಿಂದೆ ಸಾಧ್ಯವಾಗಿದ್ದು 2025ರ ಸ್ವಿಚ್ 2 ಜಾಯ್-ಕಾನ್‌ನಲ್ಲೂ ಇಲ್ಲ ಎಂಬುದು ನಿಜಕ್ಕೂ ಬೇಸರದ ಸಂಗತಿ.

ಈಗ ಕೆಲಸಕ್ಕೆ ಬರೋಣ. ಬೇಕಾದ್ದು ಮೂರು ರೆಕ್ಕೆಯ ವೈ00 ಬಿಟ್, 00 ಅಥವಾ 000 ಅಳತೆಯ ಪ್ಲಸ್ ಬಿಟ್, ಚೂಪು ಚಿಮಟ, ಪ್ಲಾಸ್ಟಿಕ್ ಮೀಟುಗೋಲು, ಗಿಟಾರ್ ಪಿಕ್. ಸ್ಟಿಕ್ ಜೊತೆ ಪೊಟ್ಟಣದಲ್ಲಿ ಬರುವ ಸ್ಕ್ರೂಡ್ರೈವರ್ ಒಂದೆರಡು ಬಾರಿಗೆ ಸಾಕು. ಅದರ ತುದಿ ಮೆತ್ತಗಾದರೆ ಸ್ಕ್ರೂ ತಲೆಯನ್ನೂ ಕೆಡಿಸುತ್ತದೆ. ಬೆಂಗಳೂರಿನವರಿಗೆ ಎಸ್.ಪಿ. ರಸ್ತೆಯಲ್ಲಿ ಮೊಬೈಲ್ ರಿಪೇರಿಯವರು ಕೊಳ್ಳುವ ಬಿಟ್ ಸೆಟ್ಟೇ ಒಳ್ಳೆಯದು. ವೈ00 ಇದೆಯೇ ಎಂದು ಮಾತ್ರ ನೋಡಿಕೊಳ್ಳಿ. ಅಳತೆ ತಪ್ಪಿದ ಬಿಟ್‌ನಿಂದ ತಿರುಗಿಸಲು ಹೋಗಿ ಸ್ಕ್ರೂ ನುಣ್ಣಗಾದರೆ ಕೆಲಸ ಮೊದಲ ನಿಮಿಷದಲ್ಲೇ ನಿಂತಂತೆ.

ಹಿಂಬದಿಯ ನಾಲ್ಕು ವೈ00 ಸ್ಕ್ರೂ ಬಿಚ್ಚಿ. ಒತ್ತಿ ಹಿಡಿದು ನಿಧಾನವಾಗಿ ತಿರುಗಿಸಬೇಕು. ಗಿಟಾರ್ ಪಿಕ್ ತೂರಿಸಿ ಅಂಚನ್ನು ಬಿಡಿಸುತ್ತ ಹೋಗಿ, ಆದರೆ ಎರಡು ಚಿಪ್ಪುಗಳನ್ನು ಎಳೆದು ಬೇರ್ಪಡಿಸಬೇಡಿ. ಜಾಯ್-ಕಾನ್ ಅನ್ನು ಯಂತ್ರಕ್ಕೆ ಜಾರಿಸಿ ಸಿಕ್ಕಿಸುವ, ಎಸ್‌ಎಲ್, ಎಸ್‌ಆರ್ ಗುಂಡಿಗಳಿರುವ ರೈಲಿನಿಂದ ಬೋರ್ಡಿಗೆ ತೆಳ್ಳಗಿನ ರಿಬ್ಬನ್, ಅಂದರೆ ಚಪ್ಪಟೆ ಕೇಬಲ್ ಹೋಗುತ್ತದೆ. ಪುಸ್ತಕ ತೆರೆದ ಹಾಗೆ ರೈಲಿನ ಕಡೆಗೆ ಮಗುಚಿ ಇಡಬೇಕು. ಮೊದಲ ಸಲ ಬಿಚ್ಚುವವರು ಹೆಚ್ಚಾಗಿ ಹರಿಯುವುದು ಇದೇ ರಿಬ್ಬನ್ನನ್ನು. ಹರಿದರೆ ಜಾಯ್-ಕಾನ್ ಯಂತ್ರಕ್ಕೆ ಜೋಡಿಸಿದಾಗ ಚಾರ್ಜ್ ಆಗುವುದಿಲ್ಲ.

ಬ್ಯಾಟರಿ 525 ಮಿಲಿಆಂಪ್-ಅವರ್‌ನದು, ಹಗುರ ಅಂಟಿನಿಂದ ಕೂತಿರುತ್ತದೆ. ಪ್ಲಾಸ್ಟಿಕ್ ಗೋಲಿನಿಂದಲೇ ಮೀಟಿ, ಲೋಹ ತಾಗಿಸಬೇಡಿ. ಉಬ್ಬಿದ್ದರೆ ಮೀಟಲೂ ಬೇಡಿ, ಅಂಗಡಿಗೆ ಕೊಡಿ. ಅದರ ಕನೆಕ್ಟರ್ ನೇರ ಮೇಲಕ್ಕೆ ಬರುತ್ತದೆ, ವೈರು ಹಿಡಿದು ಎಳೆಯಬಾರದು. ಬ್ಯಾಟರಿ ಕಳಚುವ ಮುಂಚೆ ಬೇರೆ ಯಾವ ರಿಬ್ಬನ್ನನ್ನೂ ಮುಟ್ಟದಿರುವುದು ನಿಯಮ. ಬ್ಯಾಟರಿ ಕೂರುವ ತಟ್ಟೆಗೆ ಮೂರು ಪ್ಲಸ್ ಸ್ಕ್ರೂ. ಇವು ಮತ್ತು ಹೊರಗಿನ ಸ್ಕ್ರೂಗಳು ಬೇರೆ ಬೇರೆ, ಕಲೆಸಬೇಡಿ. ಕಾಗದದ ಮೇಲೆ ಜಾಯ್-ಕಾನ್ ಆಕಾರ ಬರೆದು ಆಯಾ ಜಾಗದಲ್ಲೇ ಇಟ್ಟರೆ ತಲೆನೋವಿಲ್ಲ. ತಟ್ಟೆ ಎತ್ತುವಾಗ ಅದಕ್ಕೂ ಝಡ್‌ಎಲ್ ಅಥವಾ ಝಡ್‌ಆರ್ ಗುಂಡಿಗೂ ಸೇರಿದ ರಿಬ್ಬನ್ ಇರುತ್ತದೆ ಎಂಬ ನೆನಪಿರಲಿ. ಆ ಗುಂಡಿಯ ಸ್ಪ್ರಿಂಗ್ ಹಾರಿ ಹೋದರೆ ಹುಡುಕುವುದು ಕಷ್ಟ, ಕೆಳಗೊಂದು ತಿಳಿ ಬಣ್ಣದ ಬಟ್ಟೆ ಹಾಸಿಕೊಳ್ಳಿ.

ಸ್ಟಿಕ್ಕಿನ ರಿಬ್ಬನ್ ಹಿಡಿದಿರುವುದು ಒಂದು ಸಣ್ಣ ಲಾಚ್. ಅದನ್ನು ಮೀಟುಗೋಲಿನ ತುದಿಯಿಂದ ಮೇಲಕ್ಕೆ ಮಗುಚಬೇಕು, ಎಳೆಯಬಾರದು. ಲಾಚ್ ಯಾವುದು, ಸಾಕೆಟ್ಟಿನ ಮೈ ಯಾವುದು ಎಂದು ಭೂತಗನ್ನಡಿಯಲ್ಲಿ ನೋಡಿ ಖಾತರಿ ಮಾಡಿಕೊಳ್ಳುವುದು ಲೇಸು. ಇಡೀ ಸಾಕೆಟ್ ಬೋರ್ಡಿನಿಂದ ಕಿತ್ತು ಬಂದರೆ ಮತ್ತೆ ಕೂರಿಸಲು ಬೆಸುಗೆಯ ಹಾಟ್ ಏರ್ ಯಂತ್ರ, ಸೂಕ್ಷ್ಮದರ್ಶಕ ಎರಡೂ ಬೇಕು. ರಿಬ್ಬನ್ ಬಿಡಿಸಿದ ಮೇಲೆ ಎರಡು ಸ್ಕ್ರೂ ತೆಗೆದರೆ ಹಳೆಯ ಸ್ಟಿಕ್ ಕೈಗೆ ಬರುತ್ತದೆ. ಬಲಗಡೆಯದರಲ್ಲಿ ಸ್ಟಿಕ್ಕಿನ ಬಳಿಯೇ ಎನ್‌ಎಫ್‌ಸಿ ಆಂಟೆನಾ, ಕೆಳಗೆ ಇನ್‌ಫ್ರಾರೆಡ್ ಕ್ಯಾಮೆರಾ ಇರುವುದರಿಂದ ಜಾಗ ಇಕ್ಕಟ್ಟು. ಮೊದಲು ಎಡಗಡೆಯದರಲ್ಲಿ ಕೈ ಪಳಗಿಸಿಕೊಳ್ಳಿ.

ಹೊಸದನ್ನು ಕೂರಿಸುವಾಗ ರಿಬ್ಬನ್ ಸಾಕೆಟ್ಟಿನೊಳಗೆ ಓರೆಯಿಲ್ಲದೆ, ಕೊನೆಯವರೆಗೆ ಹೋಗಬೇಕು. ಅರ್ಧಕ್ಕೆ ನಿಂತರೆ ಒಂದು ದಿಕ್ಕು ಮಾತ್ರ ಕೆಲಸ ಮಾಡುತ್ತದೆ, ಅಥವಾ ಸ್ಟಿಕ್ ಒತ್ತಿದ ಕ್ಲಿಕ್ ಸಿಗುವುದಿಲ್ಲ. ಸ್ಟಿಕ್ಕೇ ಕೆಟ್ಟದ್ದು ಎಂದು ದೂರುವವರಲ್ಲಿ ಎಷ್ಟೋ ಜನರದ್ದು ಇದೇ ತಪ್ಪು. ತಟ್ಟೆ ಬಿಗಿದು ಬ್ಯಾಟರಿ ಜೋಡಿಸಿ, ಚಿಪ್ಪು ಮುಚ್ಚುವ ಮುನ್ನವೇ ಬ್ಲೂಟೂತ್ ಮೂಲಕ ಪರೀಕ್ಷಿಸಿ. ಪೂರ್ತಿ ಮುಚ್ಚಿ ಸ್ಕ್ರೂ ಬಿಗಿದ ಮೇಲೆ ಸಿಸ್ಟಮ್ ಸೆಟ್ಟಿಂಗ್ಸ್‌ನಲ್ಲಿ ಕಂಟ್ರೋಲರ್ಸ್ ಆಂಡ್ ಸೆನ್ಸರ್ಸ್, ಅದರೊಳಗೆ ಕ್ಯಾಲಿಬ್ರೇಟ್ ಕಂಟ್ರೋಲ್ ಸ್ಟಿಕ್ಸ್ ಆಯ್ದು ಕ್ಯಾಲಿಬ್ರೇಶನ್, ಅಂದರೆ ಸ್ಟಿಕ್ಕಿನ ಅಳತೆಯನ್ನು ಹೊಸದಾಗಿ ಹೊಂದಿಸುವ ಕೆಲಸ ಮಾಡಲೇಬೇಕು. ಜಾಯ್-ಕಾನ್‌ನ ನೆನಪಿನಲ್ಲಿ ಇನ್ನೂ ಹಳೆಯ ಸ್ಟಿಕ್ಕಿನ ನಡುಬಿಂದು, ಅಂಚುಗಳೇ ಇರುತ್ತವೆ. ಈ ಹೆಜ್ಜೆ ಬಿಟ್ಟರೆ ಓಡಬೇಕಾದ ಪಾತ್ರ ನಡೆಯುತ್ತದೆ. ಇಲ್ಲವೇ ಹೊಸ ಸ್ಟಿಕ್ಕಿನಲ್ಲೂ ಡ್ರಿಫ್ಟ್ ಕಾಣುತ್ತದೆ. ಪರದೆ ಹೇಳಿದ ದಿಕ್ಕಿಗೆ ಬಾಗಿಸಿ ಬಿಡುವಾಗ ಬೆರಳನ್ನು ಪೂರ್ತಿ ತೆಗೆಯಿರಿ, ನಿಧಾನವಾಗಿ ತಂದು ನಿಲ್ಲಿಸಬೇಡಿ.

ಮೊದಲ ಸಲಕ್ಕೆ ಒಂದು ಬದಿಗೆ ಒಂದು ಗಂಟೆ ಇಟ್ಟುಕೊಳ್ಳಿ. ರೂಢಿಯಾದರೆ ಇಪ್ಪತ್ತು ನಿಮಿಷದ ಕೆಲಸ.

ಎರಡು ವರ್ಷದ ನಂತರ? ಆರು ಸ್ಟಿಕ್ಕುಗಳಲ್ಲಿ ಒಂದರಲ್ಲೂ ಡ್ರಿಫ್ಟ್ ಬಂದಿಲ್ಲ. ಮೊದಮೊದಲು ಮೂಲ ಸ್ಟಿಕ್ಕಿಗಿಂತ ತುಸು ಬಿಗಿ ಅನಿಸುತ್ತದೆ, ವಾರದಲ್ಲಿ ಒಗ್ಗುತ್ತದೆ. ನಿಂಟೆಂಡೊ ಹೇಳುವ ಸುಮಾರು 20 ಗಂಟೆಯ ಬ್ಯಾಟರಿ ಬಾಳಿಕೆಯಲ್ಲಿ ಕಣ್ಣಿಗೆ ಕಾಣುವ ಇಳಿಕೆಯಿಲ್ಲ. ತಲೆಯ ರಬ್ಬರ್ ಮಾತ್ರ ನುಣುಪಾಗಿದೆ, ಮೇಲೊಂದು ಸಿಲಿಕೋನ್ ಟೋಪಿ ಹಾಕಿದರೆ ಅದಕ್ಕೂ ಪರಿಹಾರ. ಎಲ್ಲ ಸವೆತದಿಂದಲೂ ಇದು ಕಾಪಾಡುತ್ತದೆ ಎಂಬ ಪ್ರಚಾರವನ್ನು ಮಾತ್ರ ಒಪ್ಪಲಾಗದು. ಸೆನ್ಸರ್ ಸವೆಯುವುದಿಲ್ಲ, ನಿಜ. ಆದರೆ ಸ್ಟಿಕ್ಕನ್ನು ನಡುವಿಗೆ ಎಳೆದು ತರುವುದು ಸ್ಪ್ರಿಂಗ್, ಅದು ದಣಿಯಬಲ್ಲದು. ಎರಡು ವರ್ಷ ಹೆಚ್ಚು ದುಡಿದ ಒಂದು ಎಡ ಸ್ಟಿಕ್ ಬಿಟ್ಟಾಗ ನಡುವಿನಿಂದ ಕೂದಲೆಳೆಯಷ್ಟು ಆಚೆ ನಿಲ್ಲುತ್ತಿದೆ. ನಡುವಿನ ಸುತ್ತ ಯಂತ್ರ ಲೆಕ್ಕಕ್ಕೆ ತೆಗೆದುಕೊಳ್ಳದ ಸಣ್ಣ ಜಾಗ, ಅಂದರೆ ಡೆಡ್‌ಜೋನ್, ಅದನ್ನು ನುಂಗಿಕೊಳ್ಳುವುದರಿಂದ ಆಟದಲ್ಲಿ ತಿಳಿಯುವುದಿಲ್ಲ.

ಇನ್ನೊಂದು ಮಿತಿ ಅಯಸ್ಕಾಂತದ್ದು. ಸ್ಪೀಕರ್ ಪಕ್ಕ ಅಥವಾ ಅಯಸ್ಕಾಂತದ ಮುಚ್ಚಳವಿರುವ ಚೀಲದ ಮೇಲಿಟ್ಟು ಆಡಿದರೆ ಓದು ಅಲುಗಬಹುದು. ದೂರ ಸರಿಸಿದರೆ ಸರಿಹೋಗುತ್ತದೆ. ಇದೇ ಗುಣ ನಕಲಿಯನ್ನು ಹಿಡಿಯಲೂ ಸಹಾಯಕ. ಹಾಲ್ ಎಂಬ ಚೀಟಿ ಅಂಟಿಸಿದ ಮಾಮೂಲಿ ಕಾರ್ಬನ್ ಸ್ಟಿಕ್ ಮಾರುವವರೂ ಇದ್ದಾರೆ. ಸ್ಟಿಕ್ ಜೋಡಿಸಿ ಕ್ಯಾಲಿಬ್ರೇಶನ್ ಪರದೆ ತೆರೆದು, ಒಂದು ಬಲವಾದ ಸಣ್ಣ ನಿಯೋಡಿಮಿಯಮ್ ಅಯಸ್ಕಾಂತವನ್ನು ಸ್ಟಿಕ್ಕಿನ ಬುಡಕ್ಕೆ ಹತ್ತಿರ ತನ್ನಿ. ಚುಕ್ಕೆ ಅಲ್ಲಾಡಿದರೆ ಒಳಗಿರುವುದು ಅಯಸ್ಕಾಂತದ ಸೆನ್ಸರ್. ಕಲ್ಲಿನಂತೆ ನಿಂತರೆ ಆ ದಿನವೇ ಅಂಗಡಿಗೆ ಹಿಂದಿರುಗಿಸಿ.