ದುಡಿಯುತ್ತಲೇ ಬಿ.ಎ. ಮಾಡುವವರಿಗೆ: ಮೈಸೂರಿನ ಮುಕ್ತ ವಿ.ವಿ.ಯೋ, ಇಗ್ನೋವೋ?

ಗಾರ್ಮೆಂಟ್ಸಿನಲ್ಲೋ ಅಂಗಡಿಯಲ್ಲೋ ದುಡಿಯುವವರಿಗೆ ರೆಗ್ಯುಲರ್ ಕಾಲೇಜು ಒಗ್ಗುವುದಿಲ್ಲ, ಶೇ. 75 ಹಾಜರಾತಿಯೇ ಅಡ್ಡ. ಉಳಿಯುವುದು ದೂರಶಿಕ್ಷಣ, ಅದರಲ್ಲಿ ಮುಖ್ಯವಾಗಿ ಎರಡು: 1985ರ ಇಗ್ನೋ (ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯ), 1996ರಲ್ಲಿ ಮೈಸೂರಿನಲ್ಲಿ ಶುರುವಾದ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯ.

ಪಿಯುಸಿವರೆಗೆ ಕನ್ನಡ ಮಾಧ್ಯಮವೇ? ಹಾಗಾದರೆ ಹೆಚ್ಚು ಯೋಚಿಸಬೇಡಿ, ಮೈಸೂರಿಗೇ ಸೇರಿ. ಅಲ್ಲಿ ಬಿ.ಎ.ಯನ್ನು ಕನ್ನಡದಲ್ಲೇ ಓದಿ, ಕನ್ನಡದಲ್ಲೇ ಬರೆಯಬಹುದು. ಇಗ್ನೋದ ಪಠ್ಯ ಹೆಚ್ಚಾಗಿ ಇಂಗ್ಲಿಷ್, ಹಿಂದಿಯಲ್ಲಿ. ಅರ್ಥಶಾಸ್ತ್ರದ ಪುಸ್ತಕ ಕೈಗೆ ಬಂದ ಮೇಲೆ ಭಾಷೆ ತೊಡಕೆಂದು ಗೊತ್ತಾದರೆ ಕಟ್ಟಿದ ಫೀಸು ದಂಡ.

ಊರೂರು ವರ್ಗವಾಗುವ ಕೆಲಸವಿದ್ದರೆ ಮಾತ್ರ ಇಗ್ನೋ ಮೇಲು. ಕೇಂದ್ರಗಳು ದೇಶದಾದ್ಯಂತ ಇವೆ, ಪರೀಕ್ಷೆ ಜೂನ್ ಮತ್ತು ಡಿಸೆಂಬರಿನಲ್ಲಿ. ಮೂರು ವರ್ಷದ ಪದವಿಯನ್ನು ಆರು ವರ್ಷದವರೆಗೂ ಎಳೆಯಬಹುದು. ಹೆರಿಗೆ, ಕಾಯಿಲೆ ಇದ್ದವರಿಗೆ ಇದು ಸಣ್ಣ ಸಂಗತಿಯಲ್ಲ. ಆದರೆ ಬಹುತೇಕ ವಿಷಯಗಳಲ್ಲಿ ಶೇ. 30 ಅಂಕ ಅಸೈನ್‌ಮೆಂಟಿಗೆ. ಅದನ್ನು ಕೊಡದಿದ್ದರೆ ಪರೀಕ್ಷೆ ಪಾಸಾದರೂ ಆ ವಿಷಯ ಮುಗಿಯದು. ಸಲ್ಲಿಸಿದ ರಸೀದಿ ಜೋಪಾನ.

ಮೈಸೂರಿನ ವಿ.ವಿ. ಕೆಲವು ವರ್ಷ ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ಮಾನ್ಯತೆ ಕಳೆದುಕೊಂಡಿತ್ತು, 2018ರಲ್ಲಿ ಮರಳಿ ಪಡೆಯಿತು. ಆದ್ದರಿಂದ ಎಲ್ಲೇ ಸೇರಿದರೂ ನಿಮ್ಮ ಕೋರ್ಸು ಆ ವರ್ಷದ ಯುಜಿಸಿ ದೂರಶಿಕ್ಷಣ ಪಟ್ಟಿಯಲ್ಲಿದೆಯೇ ನೋಡಿ. ಈಗ ಎರಡು ಕಡೆಯೂ ಡಿಇಬಿ ಐಡಿ (ಯುಜಿಸಿಯ ದೂರಶಿಕ್ಷಣ ವಿಭಾಗ ಕೊಡುವ ವಿದ್ಯಾರ್ಥಿ ಸಂಖ್ಯೆ) ಕಡ್ಡಾಯ, ಅದಕ್ಕೆ ಮೊದಲು ಎಬಿಸಿ ಐಡಿ (ಓದಿನ ಕ್ರೆಡಿಟ್‌ಗಳನ್ನು ಕೂಡಿಡುವ ಆನ್‌ಲೈನ್ ಖಾತೆಯ ಸಂಖ್ಯೆ) ಬೇಕು. ಆಧಾರ್‌ನಲ್ಲಿ ‘ಮಂಜುಳಾ ಎಸ್’, ಅಂಕಪಟ್ಟಿಯಲ್ಲಿ ‘ಎಸ್ ಮಂಜುಳಾ’ ಎಂದಿದ್ದರೆ ತಕರಾರು ಬರಬಹುದು. ಪ್ರವೇಶ ಶುರುವಾಗುವ ಮುಂಚೆಯೇ ತಿದ್ದಿಸಿಕೊಳ್ಳಿ.