ಆಡಾಸಿಟಿಯೋ ರೀಪರ್ ತಂತ್ರಾಂಶವೋ: ಸ್ಕ್ರೀನ್ ರೀಡರ್ ಜೊತೆ ಎರಡನ್ನೂ ಬಳಸಿದ ಮೇಲೆ

ಆಡಾಸಿಟಿ, ರೀಪರ್ ಎರಡೂ ಧ್ವನಿಯನ್ನು ಮುದ್ರಿಸಿ ತಿದ್ದುವ ತಂತ್ರಾಂಶಗಳು. ಕಣ್ಣು ಕಾಣದ ನಾನು ಅವನ್ನು ಬಳಸುವುದು ಪರದೆಯಲ್ಲಿರುವುದನ್ನು ಓದಿ ಹೇಳುವ ಸ್ಕ್ರೀನ್ ರೀಡರ್ ಮೂಲಕ. ನನ್ನ ಆಯ್ಕೆ ರೀಪರ್ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಆದರೆ ಅದಕ್ಕೂ ಮೊದಲು ನಾನು ದುಡ್ಡು ಕೊಟ್ಟು ಕೊಂಡದ್ದು ಬೇರೆಯೇ ಒಂದು ತಂತ್ರಾಂಶವನ್ನು. ಹೊಗಳಿಕೆ ಕೇಳಿ ಕೊಂಡೆ, ಇನ್‌ಸ್ಟಾಲ್ ಮಾಡಿದೆ, ತೆರೆದೆ. ಸ್ಕ್ರೀನ್ ರೀಡರ್ ಕಿಟಕಿಯ ಹೆಸರನ್ನು ಒಮ್ಮೆ ಓದಿ ಸುಮ್ಮನಾಯಿತು. ಟ್ಯಾಬ್ ಒತ್ತಿದೆ, ಮಾತಿಲ್ಲ. ಆಲ್ಟ್ ಒತ್ತಿದೆ, ಮೆನುವಿನ ಸುಳಿವೂ ಇಲ್ಲ. ನಾನು ಬಳಸುವ ಎನ್‌ವಿಡಿಎ ಎಂಬ ಸ್ಕ್ರೀನ್ ರೀಡರ್‌ನಲ್ಲಿ ಪರದೆಯ ಚಿತ್ರದಿಂದ ಅಕ್ಷರ ಗುರುತಿಸುವ ಸೌಲಭ್ಯವಿದೆ. ಅದನ್ನು ಬಳಸಿದಾಗ ಒಂದಷ್ಟು ಪದಗಳು ಸಿಕ್ಕವು. ಆದರೆ ರೆಕಾರ್ಡ್ ಗುಂಡಿ ಬರೀ ಚಿತ್ರವಾಗಿತ್ತು, ಚಿತ್ರಕ್ಕೆ ಹೆಸರಿರಲಿಲ್ಲ. ಹಣ ಹೋಯಿತು. ಅಂದಿನಿಂದ ಯಾವ ತಂತ್ರಾಂಶವನ್ನೇ ಆಗಲಿ, ಕೊಳ್ಳುವ ಮೊದಲು ಹತ್ತು ಬಾರಿ ಟ್ಯಾಬ್ ಒತ್ತಿ ನೋಡುತ್ತೇನೆ. ಹತ್ತರಲ್ಲಿ ಎಷ್ಟು ಬಾರಿ ಉತ್ತರ ಬಂತು ಎಂಬುದರ ಮೇಲೆ ನನ್ನ ಮೊದಲ ಅಭಿಪ್ರಾಯ.

ನಾನು ಮುಖ್ಯವಾಗಿ ಮಾಡುವುದು ಪುಸ್ತಕಗಳ ಧ್ವನಿಮುದ್ರಣ. ಎಡಗೈ ಬ್ರೈಲ್ ಸಾಲಿನ ಮೇಲಿರುತ್ತದೆ, ಬಲಗೈ ಕೀಬೋರ್ಡ್ ಮೇಲೆ. ಓದುತ್ತಾ ತಪ್ಪಿದರೆ ಅಲ್ಲೇ ಗುರುತು ಹಾಕಿ, ಆ ವಾಕ್ಯವನ್ನು ಮತ್ತೆ ಓದಿ ಮುಂದುವರಿಯುತ್ತೇನೆ. ಕತ್ತರಿಸುವ ಕೆಲಸವೆಲ್ಲ ಆಮೇಲೆ. ಸಂಗೀತ ಸಂಯೋಜನೆ ಮಾಡುವವರ ಅಗತ್ಯಗಳು ಬೇರೆ ಇರಬಹುದು. ಮುಂದಿನ ಮಾತುಗಳನ್ನು ಇದನ್ನು ನೆನಪಿಟ್ಟುಕೊಂಡು ಓದಿ.

ಆಡಾಸಿಟಿಯನ್ನು ನಾಲ್ಕು ವರ್ಷ ಬಳಸಿದ್ದೇನೆ. 2000ದಲ್ಲಿ ಮೊದಲ ಬಾರಿ ಬಿಡುಗಡೆಯಾದ, ಉಚಿತವಾದ, ಮುಕ್ತ ಆಕರದ ಈ ತಂತ್ರಾಂಶದ ಬಗ್ಗೆ ನನಗೆ ಕೃತಜ್ಞತೆಯಿದೆ, ಏಕೆಂದರೆ ನನಗೆ ಕತ್ತರಿಸಲು ಕಲಿಸಿದ್ದೇ ಅದು. ಧ್ವನಿ ಕೇಳುತ್ತಿರುವಾಗಲೇ ಎಡ ಚೌಕಾವರಣದ ಕೀ ಒತ್ತಿದರೆ ಆಯ್ಕೆಯ ಆರಂಭ, ಬಲ ಚೌಕಾವರಣ ಒತ್ತಿದರೆ ಅಂತ್ಯ. ಸಿ ಒತ್ತಿದರೆ ಆ ಭಾಗವನ್ನು ತೆಗೆದರೆ ಹೇಗೆ ಕೇಳಿಸುತ್ತದೆ ಎಂಬುದನ್ನು ತೆಗೆಯುವ ಮೊದಲೇ ಕೇಳಿಸುತ್ತದೆ. ಉಸಿರಿನ ಸದ್ದು, ಕೆಮ್ಮು, ಎರಡು ಸಲ ಓದಿದ ಪದ ಇವನ್ನು ತೆಗೆಯಲು ಇದಕ್ಕಿಂತ ಸರಳವಾದ ವಿಧಾನವನ್ನು ನಾನು ಬೇರೆಲ್ಲೂ ಕಂಡಿಲ್ಲ. ಅಳಿಸಿದೊಡನೆ ಮುಂದಿನ ಧ್ವನಿ ಹಿಂದಕ್ಕೆ ಸರಿದು ಕೂಡಿಕೊಳ್ಳುತ್ತದೆ. ಗದ್ದಲ ಕಡಿಮೆ ಮಾಡುವ ಎಫೆಕ್ಟಿನ ಡಬ್ಬಿಯಲ್ಲಿ ಪ್ರತಿ ಅಂಕಣಕ್ಕೂ ಹೆಸರಿದೆ, ಅಂಕಿಯನ್ನು ಟೈಪ್ ಮಾಡಬಹುದು.

ನನಗೆ ತೊಡಕಾದದ್ದು ಗುರುತು ಹಾಕುವ ವಿಷಯ. ರೆಕಾರ್ಡ್ ಆಗುತ್ತಿರುವಾಗ ಕಂಟ್ರೋಲ್ ಎಂ ಒತ್ತಿದರೆ ಲೇಬಲ್ ಬೀಳುತ್ತದೆ, ನಿಜ. ಆದರೆ ಆಡಾಸಿಟಿ ಆ ಲೇಬಲ್‌ಗೆ ಹೆಸರು ಬರೆಯಿರಿ ಎಂದು ಕಾಯುತ್ತಾ ನಿಲ್ಲುತ್ತದೆ. ಎಂಟರ್ ಒತ್ತಿ ಅದರಿಂದ ಹೊರಬರಬೇಕು. ಮರೆತು ಸ್ಪೇಸ್ ಒತ್ತಿದರೆ ರೆಕಾರ್ಡಿಂಗ್ ನಿಲ್ಲದೆ ಲೇಬಲ್‌ನಲ್ಲಿ ಖಾಲಿ ಜಾಗ ಬೀಳುತ್ತದೆ. ಬ್ರೈಲ್ ಸಾಲಿನ ಮೇಲೆ ಬೆರಳಿಟ್ಟು, ವಾಕ್ಯದ ಲಯವನ್ನು ಹಿಡಿದಿಟ್ಟುಕೊಂಡಿರುವಾಗ ಈ ಒಂದು ಹೆಚ್ಚಿನ ಕೀ ನನ್ನ ಓದನ್ನು ಕಡಿಯುತ್ತಿತ್ತು. ಅಧ್ಯಾಯಕ್ಕೆ ನಲವತ್ತು ತಪ್ಪು ಎಂದರೆ ನಲವತ್ತು ಬಾರಿ. ತಪ್ಪಿದ ಕಡೆ ನಿಲ್ಲಿಸಿ, ಸ್ವಲ್ಪ ಹಿಂದಿನಿಂದ ಕೇಳಿಸಿಕೊಂಡು ಅಲ್ಲಿಂದಲೇ ಮತ್ತೆ ರೆಕಾರ್ಡ್ ಮಾಡುವ ಪಂಚ್ ಆ್ಯಂಡ್ ರೋಲ್ ಎಂಬ ವ್ಯವಸ್ಥೆಯೂ ಅದರಲ್ಲಿದೆ, ಅನೇಕರಿಗೆ ಅದೇ ಇಷ್ಟ. ನನಗೆ ನಿಲ್ಲಿಸಿದರೆ ದನಿಯ ಏರಿಳಿತ ಬದಲಾಗುತ್ತದೆ. ನಾನು ನಿಲ್ಲದೆ ಓದುವ ಜಾತಿ.

ರೀಪರ್‌ನಲ್ಲಿ ಎಂ ಒಂದನ್ನು ಒತ್ತಿದರೆ ಗುರುತು ಬಿತ್ತು. ಅಷ್ಟೇ. ಓದು ಮುಂದುವರಿಯುತ್ತದೆ.

ಬರೀ ರೀಪರ್ ಇದ್ದರೆ ಮಾತ್ರ ನಮ್ಮಂಥವರಿಗೆ ಹೆಚ್ಚು ಪ್ರಯೋಜನವಿಲ್ಲ. ಅದರ ಮುಖ್ಯ ಕಿಟಕಿ ಪೂರ್ತಿ ಚಿತ್ರ. ಅದಕ್ಕೆ ಮಾತು ಕೊಟ್ಟದ್ದು ಒಸಾರಾ ಎಂಬ ಉಚಿತ ವಿಸ್ತರಣೆ. ಇದನ್ನು ಆರಂಭಿಸಿದ ಜೇಮ್ಸ್ ತೇ, ಎನ್‌ವಿಡಿಎಯನ್ನು ರೂಪಿಸಿದವರಲ್ಲೊಬ್ಬರು, ಸ್ವತಃ ಅಂಧರು. ಆ ಅನುಭವ ಒಸಾರಾದ ಪ್ರತಿ ಮಾತಿನಲ್ಲೂ ಕಾಣುತ್ತದೆ. ಮೇಲೆ ಕೆಳಗೆ ಬಾಣದ ಕೀ ಒತ್ತಿದರೆ ಟ್ರ್ಯಾಕ್‌ನ ಹೆಸರು, ಅದು ಮ್ಯೂಟ್ ಆಗಿದೆಯೋ, ರೆಕಾರ್ಡ್‌ಗೆ ಸಿದ್ಧವಾಗಿದೆಯೋ ಎಂಬುದು ಕೇಳುತ್ತದೆ. ಕಂಟ್ರೋಲ್ ಝಡ್ ಒತ್ತಿದರೆ ಏನನ್ನು ರದ್ದು ಮಾಡಿದೆ ಎಂದು ಹೆಸರಿಸಿ ಹೇಳುತ್ತದೆ. ಇದು ಚಿಕ್ಕ ವಿಷಯವೆಂದು ಕಣ್ಣಿರುವವರಿಗೆ ಅನ್ನಿಸಬಹುದು. ಆಡಾಸಿಟಿಯಲ್ಲಿ ರದ್ದು ಮಾಡುವ ಮೊದಲು ಎಡಿಟ್ ಮೆನುವಿಗೆ ಹೋಗಿ ಏನು ರದ್ದಾಗಲಿದೆ ಎಂದು ಕೇಳಿಕೊಂಡು ಬರುತ್ತಿದ್ದೆ. ಹಾಗೆ ಮಾಡದಿದ್ದ ದಿನ ಒಂದು ಪುಟದ ಕೆಲಸ ಹಾಳಾಗಿದ್ದೂ ಇದೆ.

ಎಫ್ 12 ಒತ್ತಿದರೆ ಕೀಗಳ ಸಹಾಯ ತೆರೆದುಕೊಳ್ಳುತ್ತದೆ. ಆಮೇಲೆ ಯಾವ ಕೀ ಒತ್ತಿದರೂ ಅದು ಏನು ಮಾಡುತ್ತದೆ ಎಂದು ಹೇಳುತ್ತದೆಯೇ ಹೊರತು ಆ ಕೆಲಸವನ್ನು ಮಾಡುವುದಿಲ್ಲ. ಮೊದಲ ಒಂದು ವಾರ ನಾನು ರೆಕಾರ್ಡಿಂಗ್ ಮುಟ್ಟಲೇ ಇಲ್ಲ, ಸಂಜೆ ಹೊತ್ತು ಕೂತು ಕೀಬೋರ್ಡನ್ನು ಒಂದೊಂದಾಗಿ ಕೇಳುತ್ತಿದ್ದೆ. ಹಾಗೆ ಕಲಿತದ್ದು ಇವತ್ತಿಗೂ ಮರೆತಿಲ್ಲ.

ಇನ್ನು ಧ್ವನಿಮಟ್ಟ. ದನಿ ಜೋರಾಗಿ ಸೀಳಿದಾಗ ಉಳಿದವರಿಗೆ ಕೆಂಪು ದೀಪ ಕಾಣುತ್ತದೆ. ಒಸಾರಾದ ಪೀಕ್ ವಾಚರ್ ನಾನು ನಿಗದಿ ಮಾಡಿದ ಮಟ್ಟ ದಾಟಿದ ಕೂಡಲೇ ಮಾತಿನಲ್ಲಿ ಎಚ್ಚರಿಸುತ್ತದೆ. ಆಡಾಸಿಟಿಯಲ್ಲಿ ನಾನು ನೆಚ್ಚಿಕೊಂಡಿದ್ದು ಫೈಂಡ್ ಕ್ಲಿಪ್ಪಿಂಗ್ ಎಂಬ ಪರೀಕ್ಷೆಯನ್ನು. ಸೀಳಿದ ಕಡೆಗಳಲ್ಲಿ ಅದು ಲೇಬಲ್ ಹಾಕಿಕೊಡುತ್ತದೆ, ಆದರೆ ಓದಿ ಮುಗಿದ ಮೇಲೆ.

ಈಗ ರೀಪರ್ ನನ್ನನ್ನು ಎರಡು ದಿನ ಕಾಡಿದ ತೊಂದರೆಗೆ ಬರುತ್ತೇನೆ. ಮೈಕ್ ಮತ್ತು ಹೆಡ್‌ಫೋನನ್ನು ಕಂಪ್ಯೂಟರಿಗೆ ಜೋಡಿಸುವ ಆಡಿಯೋ ಇಂಟರ್‌ಫೇಸ್ ಎಂಬ ಸಾಧನವನ್ನು ಹೊಸದಾಗಿ ಕೊಂಡು, ಧ್ವನಿ ತಡವಾಗದಂತೆ ಅದನ್ನು ತಂತ್ರಾಂಶಕ್ಕೆ ನೇರವಾಗಿ ಬೆಸೆಯುವ ಎಎಸ್‌ಐಒ ಡ್ರೈವರ್ ಹಾಕಿ, ರೀಪರ್‌ನ ಪ್ರಿಫರೆನ್ಸ್‌ನಲ್ಲಿ ಅದನ್ನು ಆರಿಸಿ ಎಂಟರ್ ಒತ್ತಿದೆ. ಸ್ಕ್ರೀನ್ ರೀಡರ್‌ನ ಮಾತು ನಿಂತಿತು. ಕಂಪ್ಯೂಟರ್ ಸ್ತಬ್ಧವಾಯಿತೋ, ರೀಪರ್ ಮುಚ್ಚಿಹೋಯಿತೋ, ಎನ್‌ವಿಡಿಎ ಸತ್ತಿತೋ ತಿಳಿಯುವ ದಾರಿಯೇ ಇಲ್ಲ. ಎನ್‌ವಿಡಿಎಯನ್ನು ಮತ್ತೆ ಆರಂಭಿಸಿದೆ, ಮಾತಿಲ್ಲ. ಆಲ್ಟ್ ಟ್ಯಾಬ್ ಒತ್ತಿ ಬೇರೆ ಕಿಟಕಿಗೆ ಹೋದಾಗ ಮಾತು ಬಂತು. ಸಮಾಧಾನಪಟ್ಟು ರೀಪರ್‌ಗೆ ಮರಳಿದೆ, ಮತ್ತೆ ಮೌನ. ಹೊರಗೆ ಹೋದರೆ ಮಾತು, ಒಳಗೆ ಬಂದರೆ ಮೌನ.

ಕಾರಣ ಹೊಳೆದದ್ದು ಎರಡನೆಯ ರಾತ್ರಿ. ಕೆಲವು ಎಎಸ್‌ಐಒ ಡ್ರೈವರ್‌ಗಳು ಸೌಂಡ್ ಸಾಧನವನ್ನು ಪೂರ್ತಿ ತಮ್ಮ ವಶಕ್ಕೆ ತೆಗೆದುಕೊಳ್ಳುತ್ತವೆ, ಅದರ ಮೂಲಕ ಬೇರೆ ಯಾವ ಕಾರ್ಯಕ್ರಮವೂ ದನಿ ಹೊರಡಿಸಲಾಗದು. ನಾನು ಸ್ಕ್ರೀನ್ ರೀಡರ್‌ನ ಮಾತನ್ನೂ ಅದೇ ಇಂಟರ್‌ಫೇಸ್‌ಗೆ ಕಳಿಸಿದ್ದೆ. ರೀಪರ್‌ನಲ್ಲಿರುವ ಒಂದು ಸೆಟ್ಟಿಂಗ್, ಅದು ಹಿನ್ನೆಲೆಗೆ ಸರಿದಾಗ ಸಾಧನವನ್ನು ಬಿಟ್ಟುಕೊಡುವಂತೆ ಮಾಡುತ್ತದೆ. ಆದ್ದರಿಂದಲೇ ಹೊರಗೆ ಹೋದಾಗ ಮಾತು ಮರಳುತ್ತಿತ್ತು. ಬೇರೆಯವರಿಗೆ ಇದು ಹಾಡು ನಿಂತುಹೋಗುವಷ್ಟರ ತೊಂದರೆ. ನಮಗೆ ಪರದೆಯೇ ಆರಿಹೋದಂತೆ, ಅದೂ ಸರಿಪಡಿಸಬೇಕಾದ ಸೆಟ್ಟಿಂಗ್ ಆ ಕತ್ತಲೆಯೊಳಗೇ ಇರುವಾಗ. ನಾನು ಬಳಸಿದ ಆಡಾಸಿಟಿಯಲ್ಲಿ ಎಎಸ್‌ಐಒ ಇರಲೇ ಇಲ್ಲ, ಆದ್ದರಿಂದ ನಾಲ್ಕು ವರ್ಷದಲ್ಲಿ ಒಮ್ಮೆಯೂ ಹೀಗಾಗಿರಲಿಲ್ಲ.

ಪರಿಹಾರ ಸುಲಭವಾಗಿತ್ತು. ರೀಪರ್‌ನಿಂದ ಹೊರಗಿದ್ದಾಗ ಎನ್‌ವಿಡಿಎ ಮೆನುವಿಗೆ ಹೋಗಿ, ಸೆಟ್ಟಿಂಗ್ಸ್‌ನಲ್ಲಿ ಅದರ ಮಾತು ಹೊರಡುವ ಸಾಧನವನ್ನು ಲ್ಯಾಪ್‌ಟಾಪಿನ ಸ್ವಂತ ಸೌಂಡ್ ಕಾರ್ಡಿಗೆ ಬದಲಿಸಿದೆ. ಈಗ ಒಂದು ಕಿವಿಯಲ್ಲಿ ಸಣ್ಣ ಇಯರ್‌ಫೋನ್, ಅದರಲ್ಲಿ ಸ್ಕ್ರೀನ್ ರೀಡರ್. ಅದರ ಮೇಲೆ ಇಂಟರ್‌ಫೇಸ್‌ನ ದೊಡ್ಡ ಹೆಡ್‌ಫೋನ್, ಅದರಲ್ಲಿ ನನ್ನ ದನಿ. ಎರಡು ಬೇರೆಯಾದ ಮೇಲೆ ಕೆಲಸವೂ ಹಗುರವಾಯಿತು, ಸ್ಕ್ರೀನ್ ರೀಡರ್‌ನ ಮಾತು ಮೈಕ್‌ಗೆ ಸೋರುವುದೂ ನಿಂತಿತು.

ಹೊರಗಿನಿಂದ ತಂದು ಸೇರಿಸಿಕೊಳ್ಳುವ ಎಫೆಕ್ಟುಗಳ, ಅಂದರೆ ಪ್ಲಗಿನ್‌ಗಳ ಬಗ್ಗೆ ಒಂದೇ ಮಾತು: ರೀಪರ್‌ನಲ್ಲಿ ಪಿ ಒತ್ತಿದರೆ ಒಸಾರಾ ಪ್ಲಗಿನ್‌ನ ನಿಯಂತ್ರಣಗಳನ್ನು ಪಟ್ಟಿ ಮಾಡಿ ಕೊಡುತ್ತದೆ, ಅದರ ಕಿಟಕಿ ಬರೀ ಚಿತ್ರವಾಗಿದ್ದರೂ ಕೆಲಸ ನಡೆಯುತ್ತದೆ, ಆದರೆ ಪರವಾನಗಿಯ ಸಂಖ್ಯೆ ತುಂಬುವ ಕಿಟಕಿಗೆ ಮಾತಿಲ್ಲದಿದ್ದರೆ ಒಸಾರಾ ಕೂಡ ಸಹಾಯ ಮಾಡಲಾರದು.

ಕತ್ತರಿಸುವುದರಲ್ಲಿ ಆಡಾಸಿಟಿಯೇ ಮುಂದು ಎಂಬುದನ್ನು ಒಪ್ಪಲೇಬೇಕು. ರೀಪರ್‌ನಲ್ಲಿ ಒಂದು ತುಂಡನ್ನು ಅಳಿಸಿದರೆ ಆ ಜಾಗ ಖಾಲಿಯಾಗಿಯೇ ಉಳಿಯುತ್ತದೆ. ಮುಂದಿನದು ಹಿಂದಕ್ಕೆ ಸರಿಯಬೇಕಾದರೆ ಆಲ್ಟ್ ಪಿ ಒತ್ತಿ ರಿಪಲ್ ಎಡಿಟಿಂಗ್ ಹಾಕಿಕೊಳ್ಳಬೇಕು. ಇದನ್ನು ಮರೆತು ಒಂದು ಇಡೀ ಅಧ್ಯಾಯವನ್ನು ಮೌನದ ತೂತುಗಳೊಂದಿಗೆ ಕಳಿಸಿದ್ದೇನೆ. ಈಗ ಕತ್ತರಿಸಲು ಕೂತಾಗ ಮೊದಲ ಕೆಲಸವೇ ಅದನ್ನು ಒತ್ತಿ, ಯಾವ ಸ್ಥಿತಿಯಲ್ಲಿದೆ ಎಂದು ಒಸಾರಾ ಹೇಳುವುದನ್ನು ಕೇಳಿಸಿಕೊಳ್ಳುವುದು.

ಹಣದ ಲೆಕ್ಕದಲ್ಲಿ ಆಡಾಸಿಟಿ ಉಚಿತ, ಒಸಾರಾ ಉಚಿತ, ಎನ್‌ವಿಡಿಎ ಉಚಿತ. ರೀಪರ್‌ಗೆ ಮಾತ್ರ ಪರವಾನಗಿ ಬೇಕು, ವೈಯಕ್ತಿಕ ಬಳಕೆಗೆ ರಿಯಾಯಿತಿಯ ಪರವಾನಗಿ ಇದೆ. ಕೊಳ್ಳುವ ಮೊದಲು 60 ದಿನ ಯಾವ ಕಡಿತವೂ ಇಲ್ಲದೆ ಬಳಸಿ ನೋಡಬಹುದು. ಒಮ್ಮೆ ಕೈ ಸುಟ್ಟುಕೊಂಡಿದ್ದ ನನಗೆ ಈ 60 ದಿನ ಬಹಳ ಮುಖ್ಯವಾಗಿತ್ತು. ಐವತ್ತನೆಯ ದಿನದ ಹೊತ್ತಿಗೆ ಒಂದು ಪುಸ್ತಕ ಮುಗಿದಿತ್ತು, ಅಂದೇ ಕೊಂಡೆ. ಆಡಾಸಿಟಿಯನ್ನು ತೆಗೆದುಹಾಕಿಲ್ಲ. ಯಾರಾದರೂ ಒಂದು ಚಿಕ್ಕ ಸಂದರ್ಶನ ಕಳಿಸಿ, ಅದರಲ್ಲಿರುವ ಕೆಮ್ಮು ತೆಗೆದುಕೊಡಿ ಎಂದರೆ ಈಗಲೂ ತೆರೆಯುವುದು ಅದನ್ನೇ.